ಟೊರಾಂಟೊದ ಪರವಾಗಿ

ಬೇಕೆಂದೇ ಸೋಲಲು ತನಗೆ ಬಂದೀತೆ? ಊಟದ ತಟ್ಟೆಯ ಮುಂದೆ ಕುಳಿತಿದ್ದ ದಿಶಾಂತನಿಗೆ ಅದೇ ಚಿಂತೆ. ಜಾಸಿರ್ ಈಗಷ್ಟೇ ಪಾತ್ರ ಹಂಚಿದ್ದ: ಲಂಡನ್ನಿನ ಪಕ್ಷ ವಿಷ್ಣುಪ್ರಸಾದ್ ಮಾಷ್ಟ್ರಿಗೆ, ಟೊರಾಂಟೊದ ಪಕ್ಷ ದಿಶಾಂತನಿಗೆ. ಅದಲುಬದಲಾಗಿದ್ದರೆ ಎಷ್ಟು ಚೆನ್ನಿತ್ತು. ಲಂಡನ್ನೇ ಗೆಲ್ಲಬೇಕೆಂದು ದಿಶಾಂತನ ಮನಸ್ಸು. ಇಲ್ಲಿ ಮಧ್ಯಾಹ್ನದ ಊಟದ ಹೊತ್ತೆಂದರೆ ಅಲ್ಲಿ ಬೆಳಗಿನ ಚಹಾದ ಹೊತ್ತು. ಫೋನು ಮಾಡಿದರೆ ಜಾಸಿರ್ ಎತ್ತಿಯಾನು. ಟೊರಾಂಟೊದಲ್ಲಾದರೆ ಆ ಹೊತ್ತಿಗೆ ಊರಿಗೆ ಊರೇ ನಿದ್ದೆಯಲ್ಲಿರುತ್ತದೆ.

ಕಡಬ ಪೇಟೆಯಲ್ಲಿ ಜೀಪುಗಳು ನಿಲ್ಲುವಲ್ಲಿ ಜಾಸಿರನ ಹೋಟೆಲು. ಅವನ ಭಾವನಿಗೆ ಆ ಎರಡೂ ನಗರಗಳಲ್ಲಿ ಒಂದೊಂದು ಹೋಟೆಲು. ಯಾವುದಕ್ಕಾದರೂ ಸರಿ, ಅಡುಗೆಗೆ ಬಾ, ಸಂಜೆಯೊಳಗೆ ತಿಳಿಸು ಎಂದಿದ್ದ. ಹೋಗುವುದು ಖಂಡಿತ, ಎಲ್ಲಿಗೆ ಎಂಬುದಷ್ಟೇ ಬಾಕಿ. ಪಕ್ಕದಲ್ಲೇ ಪಂಪು ರಿಪೇರಿಯ ಅಂಗಡಿ ಇಟ್ಟುಕೊಂಡ ದಿಶಾಂತ್, ಭಾನುವಾರ ತಪ್ಪದೆ ಊಟಕ್ಕೆ ಬರುವ ಮಾಷ್ಟ್ರು, ಇಬ್ಬರೂ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತಿನಿಂದ ಯುದ್ಧ ಮಾಡುವುದು. ಅಲ್ಲಿ ಕೊಟ್ಟ ಪಾತ್ರವನ್ನು ಒಲ್ಲೆ ಎನ್ನುವ ಕ್ರಮವಿಲ್ಲ. "ಯಾರು ಗೆಲ್ತೀರೋ ನಾನು ಆ ಊರಿಗೆ" ಎಂದು ಜಾಸಿರ್ ಸ್ಟೂಲು ಎಳೆದುಕೊಂಡು ಕುಳಿತುಬಿಟ್ಟ.

"ಕೇಳು ಜಾಸಿರಾ," ಮಾಷ್ಟ್ರು ಗಂಟಲು ಸರಿಮಾಡಿಕೊಂಡರು. "ಸೌತಾಲ್‌ನಲ್ಲಿ ರೈಲಿಳಿದ್ರೆ ಸೀದಾ ಪಂಜಾಬು. ಬ್ರಿಕ್ ಲೇನಿಗೆ ಹೋದ್ರೆ ಬಂಗಾಳಿಗಳು. ಈಸ್ಟ್ ಹ್ಯಾಮಿನಲ್ಲಿ ಕೇರಳದವರ ಅಂಗಡಿ. ಕುಚ್ಚಲಕ್ಕಿ ಉಂಟು, ಮರಗೆಣಸು ಉಂಟು, ಬಂಗುಡೆ ಮೀನೂ ಉಂಟು. ಇನ್ನೆಂತ ಬೇಕು ನಿಂಗೆ?"

"ಮಾಷ್ಟ್ರು ಲಂಡನ್ನಿಗೆ ಹೋದದ್ದು ಯಾವಾಗ?" ದಿಶಾಂತ್ ಕೇಳಿದ.

"ನೀನು ಟೊರಾಂಟೊಗೆ ಹೋದ ವರ್ಷವೇ ಮಾರಾಯ."

ಮೂವರೂ ನಕ್ಕರು. ತಿನ್ನುತ್ತಾ ಊರೂರು ಸುತ್ತುವವರ ಯೂಟ್ಯೂಬ್ ವಿಡಿಯೋಗಳಲ್ಲಿ ಕಂಡದ್ದೇ ಇಬ್ಬರ ಬಂಡವಾಳ.

"ಟೊರಾಂಟೊದಲ್ಲಿಯೂ ಊಟ ಸಿಗ್ತದೆ," ದಿಶಾಂತ್ ಸಪ್ಪೆಯಾಗಿ ಶುರು ಮಾಡಿದ. "ಚಳಿ ಮಾತ್ರ ಜಾಸ್ತಿ."

"ಎಂತದಾ ಇದು?" ಜಾಸಿರನ ಮುಖ ಬಾಡಿತು. "ಮೈಕು ಸಿಕ್ಕಿದ್ರೆ ಬೆಳಗಾಗುವವರೆಗೆ ಬಿಡದ ಜನ ನೀನು. ನನ್ನ ಕೆಲಸಕ್ಕೆ ಬರುವಾಗ ಇಷ್ಟೆಯಾ?"

"ಅವನನ್ನು ಬೈಯಬೇಡ," ಎಂದರು ಮಾಷ್ಟ್ರು. "ಹೇಳ್ಲಿಕ್ಕೆ ಅಲ್ಲಿ ಇರುದಾದ್ರೂ ಎಂತ, ಹಿಮ ಬಿಟ್ಟು?"

ಮಾತು ನಾಟಿತು. ಹಿಡಿದ ಪಕ್ಷವನ್ನು ನಡುವೆ ಬಿಟ್ಟು ಗೊತ್ತಿದ್ದವನಲ್ಲ ದಿಶಾಂತ್. ಕೈ ತೊಳೆದು ಬಂದವನು ತೊಡೆಯ ಮೇಲೆ ಅಂಗೈ ಊರಿ ನೆಟ್ಟಗೆ ಕುಳಿತ.

"ಹಿಮವಾ ಮಾಷ್ಟ್ರೆ? ಆ ಊರಿನ ಅರ್ಧಕ್ಕರ್ಧ ಜನ ಹೊರಗಿನಿಂದ ಬಂದವರು. ಅಲ್ಲಿ ಯಾರು ಯಾರನ್ನು ಪರದೇಸಿ ಅನ್ನುದು? ಸ್ಕಾರ್ಬರೋದಲ್ಲಿ ಸಿಲೋನಿನ ತಮಿಳರು ಕಾವಲಿ ಮೇಲೆ ಕೊತ್ತು ರೊಟ್ಟಿ ಕೊಚ್ಚುವ ಶಬ್ದ ಬೀದಿಗೆ ಕೇಳ್ತದೆ, ನಮ್ಮ ಚೆಂಡೆಯ ಹಾಗೆ. ಬ್ರಾಂಪ್ಟನ್ ಪಂಜಾಬಿಗಳದ್ದು. ಮಾರ್ಕಮ್ಮಿನಲ್ಲಿ ಚೀನಾದವರು ಬೆಳಿಗ್ಗೆಯೇ ಕಡುಬು ಬೇಯಿಸಿ ಕೂತಿರ್ತಾರೆ."

"ಅವರೆಲ್ಲ ನಿನ್ನೆ ಮೊನ್ನೆ ಬಂದವರು. ಲಂಡನ್ ನಮ್ಮ ಊಟ ತಿನ್ಲಿಕ್ಕೆ ಶುರು ಮಾಡಿ ಇನ್ನೂರು ವರ್ಷ ಆಯ್ತು."

"ತಿಂದದ್ದು ಹೌದು. ಹೆಸರು ಕಲ್ತರಾ?" ದಿಶಾಂತನ ದನಿ ಏರಿತು. ಆಚೆ ಮೇಜಿನ ಜೀಪಿನವರು ಅನ್ನ ಕಲಸುವುದನ್ನು ನಿಲ್ಲಿಸಿ ತಿರುಗಿದರು. "ಮೀನು ಹಾಕಿದ್ರೂ ಕರಿ, ಕೋಳಿ ಹಾಕಿದ್ರೂ ಕರಿ, ಬರೀ ಬದನೆ ಹಾಕಿದ್ರೂ ಕರಿ. ಇನ್ನೂರು ವರ್ಷ ಉಂಡು ಕೊಟ್ಟದ್ದು ಒಂದೇ ಹೆಸರು. ಟೊರಾಂಟೊದಲ್ಲಿ ಕೊತ್ತು ರೊಟ್ಟಿಗೆ ಕೊತ್ತು ರೊಟ್ಟಿ ಅಂತಲೇ ಬೋರ್ಡು ಉಂಟು. ನಾಳೆ ಇವ ಅಲ್ಲಿ ನಮ್ಮ ಹುಳಿಖಾರದ ಬಂಗುಡೆ ಪುಳಿಮುಂಚಿ ಮಾಡಿದ್ರೆ, ಬಂದವ ಪುಳಿಮುಂಚಿ ಅಂತಲೇ ಕೇಳ್ಬೇಕು. ನಾಲಗೆ ತಿರುಗುದಿಲ್ಲವಾ, ಹೊರಗೆ ನಿಂತು ಅಭ್ಯಾಸ ಮಾಡಿ ಬರ್ಲಿ."

ಯಾರೋ ಮೇಜು ಗುದ್ದಿದರು. ಮಾಷ್ಟ್ರು ಮಜ್ಜಿಗೆಯ ಲೋಟ ಎತ್ತಿಕೊಂಡರು. "ಸೋತೆ ಮಾರಾಯ." ದಿಶಾಂತನಿಗೆ ಮೈಯೆಲ್ಲ ಬಿಸಿಯಾಗಿತ್ತು. ಯಾವ ಕೂಟದಲ್ಲೂ ಮಾತು ಇಷ್ಟು ಸಲೀಸಾಗಿ ಒದಗಿ ಬಂದದ್ದಿಲ್ಲ. ಏನನ್ನು ಗೆದ್ದೆ ಎಂದು ಅವನಿಗೆ ಹೊಳೆದದ್ದು ಜಾಸಿರನ ಮುಖ ನೋಡಿದ ಮೇಲೆ. ಹಬ್ಬದ ದಿನ ಹೊಸ ಅಂಗಿ ತೊಟ್ಟವನ ಹಾಗಿದ್ದ ಜಾಸಿರ್.

"ಪುಳಿಮುಂಚಿ ಅಂತಲೇ ಬರೆಸ್ತೇನೆ ನೋಡು, ದೊಡ್ಡ ಅಕ್ಷರದಲ್ಲಿ." ಜಾಸಿರ್ ಫೋನು ತೆಗೆದು ಭಾವನಿಗೆ ಟೊರಾಂಟೊ ಎಂದು ಬರೆದ. ಕಳುಹಿಸಲು ಹೊರಟ ಬೆರಳು ಅಲ್ಲೇ ತಡೆಯಿತು. ಈಗ ಅವನು ನಗುತ್ತಿರಲಿಲ್ಲ. "ದಿಶಾಂತಾ, ಇನ್ನು ಎಂತಾದ್ರೂ ಹೇಳ್ಲಿಕ್ಕೆ ಉಂಟಾ ನಿಂಗೆ? ಇದ್ರೆ ಈಗಲೇ ಹೇಳು."

ಹೊರಗೆ ಪಕ್ಕದೂರು ಆಲಂಕಾರಿಗೆ ಹೊರಟ ಜೀಪಿನವನು ಜನ ಕರೆಯುತ್ತಿದ್ದ. ದಿಶಾಂತ್ ಆ ಕಡೆ ನೋಡಿದ, ಮೇಜಿನ ಮೇಲೆ ಚೆಲ್ಲಿದ್ದ ನೀರನ್ನು ನೋಡಿದ.

"ನನ್ನ ಅರ್ಥ ಮುಗೀತು. ಕಳಿಸು."

ಕಡಬದ ಪರವಾಗಿ ಅವನು ಒಂದು ಮಾತನ್ನೂ ಆಡಲಿಲ್ಲ.