ಯಾರಿಗೂ ಕಾಣದ ಬೆಂಚು

ಹೆಂಡತಿಯ ಕಣ್ಣಿಗೆ ಬೀಳದ ಜಾಗವೊಂದು ಅವನಿಗೆ ಬೇಕಿತ್ತು. ಅದೂ ಇವತ್ತು ಸಂಜೆಯೊಳಗೆ.

ಕಂಪ್ಯೂಟರಿನ ಪರದೆಯ ಮೇಲೆ ಊರಿಗೆ ಊರೇ ಎದ್ದು ನಿಂತಿತ್ತು. ಮನೆ, ಮರ, ನೀರಿನ ಟ್ಯಾಂಕು, ಗುಡ್ಡ, ಎಲ್ಲವೂ ಎತ್ತರ ತಗ್ಗುಗಳ ಸಮೇತ. ಮೌಸ್ ಎಳೆದರೆ ಊರೂ ತಿರುಗುತ್ತಿತ್ತು. ಯಾವುದಾದರೂ ಕಿಟಕಿಯ ಮೇಲೆ ಕ್ಲಿಕ್ ಮಾಡಿದರೆ ಅಲ್ಲಿಂದ ಕಾಣುವ ಜಾಗವೆಲ್ಲ ಕೆಂಪಾಗುತ್ತಿತ್ತು, ಕಾಣದ್ದು ಬೂದು ಬಣ್ಣದಲ್ಲೇ ಉಳಿಯುತ್ತಿತ್ತು. ಅವನು ಮೊದಲು ತನ್ನ ಮನೆಯ ನಾಲ್ಕನೇ ಮಹಡಿಯ ಬಾಲ್ಕನಿ ಒತ್ತಿದ. ಆಮೇಲೆ ಹೆಂಡತಿ ಪಾಠ ಮಾಡುವ ಶಾಲೆಯ ಎರಡನೇ ಮಹಡಿ. ಆಮೇಲೆ ಅತ್ತೆಯ ಮನೆಯ ಕಿಟಕಿ. ಆಕೆ ದಿನವಿಡೀ ಅಲ್ಲೇ ಕೂರುವವರು. ಅವರಿಗೆ ಗೊತ್ತಾಗದೆ ಬೀದಿಯಲ್ಲಿ ಒಂದು ಕಾಗೆಯೂ ಹಾರುವಂತಿಲ್ಲ. ಒಂದೊಂದು ಕ್ಲಿಕ್ಕಿಗೂ ಊರು ಕೆಂಪೇರುತ್ತಾ ಹೋಯಿತು.

ಪಕ್ಕದ ಮೇಜಿನ ಗೆಳೆಯ ಕುರ್ಚಿ ಎಳೆದುಕೊಂಡು ಬಂದು ಇಣುಕಿದ.

"ಏನೋ ಪೊರಕೆ, ಮನೆಯವರಿಗೆ ಕಾಣದ ಮೂಲೆ ಹುಡುಕ್ತಿದೀಯಾ? ಈ ವಯಸ್ಸಲ್ಲಿ ಇದೆಲ್ಲ ಬೇಕಾ ನಿನಗೆ?"

"ಬೇಕಾಗಿ ಬಂತು."

"ಯಾರಪ್ಪಾ ಅವಳು? ನನಗೂ ಹೇಳಬಾರದಾ?"

"ನಾಳೆ ನಿನಗೇ ಗೊತ್ತಾಗುತ್ತೆ ಬಿಡು."

ಗೆಳೆಯ ನಗುತ್ತಾ ಹೋದ. ಪೊರಕೆ ಎನ್ನುವುದು ಇವನಿಗೆ ಆಫೀಸು ಇಟ್ಟ ಅಡ್ಡಹೆಸರು. ವಿಮಾನದಿಂದ ಲೇಸರ್ ಬಿಟ್ಟು ಊರನ್ನು ಅಳೆಯುವಾಗ ಕೋಟಿಗಟ್ಟಲೆ ಚುಕ್ಕಿಗಳು ಬರುತ್ತವೆ. ಅದರಲ್ಲಿ ಆ ಗಳಿಗೆಗೆ ರಸ್ತೆಯಲ್ಲಿದ್ದ ಕಾರು, ನಾಯಿ, ಮನುಷ್ಯರೂ ಸಿಕ್ಕಿಬಿದ್ದಿರುತ್ತಾರೆ. ನಕ್ಷೆಗೆ ಅದೆಲ್ಲ ಕಸ. ಊರು ಇರಬೇಕು, ಜನ ಇರಕೂಡದು. ಆ ಕಸವನ್ನು ಒಂದೊಂದಾಗಿ ಹುಡುಕಿ ಅಳಿಸುವುದು ಇವನ ಕೆಲಸ. ಇಪ್ಪತ್ತೆರಡು ವರ್ಷ ಗುಡಿಸಿ ಗುಡಿಸಿ ಕಣ್ಣು ಒಣಗಿತ್ತು, ಕತ್ತು ಹಿಡಿದುಕೊಂಡಿತ್ತು.

ಬೆಳಿಗ್ಗೆ ಸಾಹೇಬರು ಬಾಗಿಲು ಮುಚ್ಚಿಕೊಂಡು ಒಂದು ಪತ್ರ ಕೊಟ್ಟಿದ್ದರು. ನಾಳೆಯಿಂದ ಬರಬೇಕಾಗಿಲ್ಲ. ಇವನು ಒಂದು ತಿಂಗಳು ಗುಡಿಸುವುದನ್ನು ಹೊಸ ಸಾಫ್ಟ್‌ವೇರ್ ಒಂದು ಗಂಟೆಯಲ್ಲಿ ಗುಡಿಸುತ್ತದಂತೆ. ಅವನಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅಷ್ಟಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ.

ಚಿಂತೆಯಿದ್ದದ್ದು ಹೆಂಡತಿಯದು. ಹೋದ ವರ್ಷ ಅವಳ ತಮ್ಮನ ಕೆಲಸ ಹೋದಾಗ ಮೂರು ವಾರ ನಿದ್ದೆಗೆಟ್ಟು, ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದಿದ್ದಳು. ಆಸ್ಪತ್ರೆಯ ಮಂಚದಲ್ಲಿ ಇವನ ಕೈ ಹಿಡಿದುಕೊಂಡು, "ನಿಮ್ಮದೊಂದು ಗಟ್ಟಿಯಾಗಿದೆಯಲ್ಲ, ನನಗಷ್ಟು ಸಾಕು" ಅಂದಿದ್ದಳು. ಅವಳಿಗೆ ಈ ಪತ್ರ ತೋರಿಸುವುದು ಹೇಗೆ? ಬೇರೆ ಕೆಲಸ ಸಿಗುವವರೆಗೆ ಎಂದಿನಂತೆ ಒಂಬತ್ತಕ್ಕೆ ಊಟದ ಡಬ್ಬಿ ಹಿಡಿದು ಹೊರಡುವುದು, ಆರಕ್ಕೆ ಮರಳುವುದು. ನಡುವಿನ ಒಂಬತ್ತು ಗಂಟೆ ಕೂರಲು ಒಂದು ಜಾಗ ಸಿಕ್ಕರೆ ಆಯಿತು.

ಅವಳೂ ಈಚೆಗೆ ತೀರಾ ದಣಿದಿದ್ದಳು, ಪಾಪ. ಮೊದಲೆಲ್ಲ ಸಂಜೆ ಅವಳ ತೋಳಿನ ಸೀಮೆಸುಣ್ಣದ ಪುಡಿಯನ್ನು ಇವನೇ ಕೊಡವುತ್ತಿದ್ದ. ಈಗ ಶಾಲೆಗೆ ಬಿಳಿ ಬೋರ್ಡ್ ಬಂದಿದೆಯಂತೆ, ಪುಡಿಯ ಕಾಟವಿಲ್ಲ. ಆದರೆ ಎಡಗೆನ್ನೆ ಬಿಸಿಲಿಗೆ ಕಪ್ಪಿಟ್ಟಿತ್ತು. ಆಟದ ಮೈದಾನದ ಡ್ಯೂಟಿಯಂತೆ. ಇಂಥವಳಿಗೆ ಇನ್ನೊಂದು ಹೊರೆ ಹೊರಿಸಲು ಅವನಿಗೆ ಮನಸ್ಸಾಗಲಿಲ್ಲ.

ಮೂರು ಗಂಟೆಗೆ ಒಂದು ಬೂದು ಚೂರು ಸಿಕ್ಕಿತು. ಗುಡ್ಡದ ಮಗ್ಗುಲಲ್ಲಿ, ಹಳೆಯ ಪಂಪ್‌ಹೌಸಿನ ಹಿಂದೆ, ಒಂದು ಬೆಂಚು. ಮನೆಯಿಂದ ಕಾಣುವುದಿಲ್ಲ, ಶಾಲೆಯಿಂದ ಕಾಣುವುದಿಲ್ಲ, ಅತ್ತೆಗಂತೂ ಕಾಣುವುದೇ ಇಲ್ಲ. ಅನುಮಾನಕ್ಕೆ ತನ್ನ ಆಫೀಸಿನ ಕಿಟಕಿಯನ್ನೂ ಒತ್ತಿ ನೋಡಿದ. ಅಲ್ಲಿಂದಲೂ ಕಾಣುವುದಿಲ್ಲ.

ಪರದೆಯಲ್ಲೇ ಹತ್ತಿರ ಹೋಗಿ ನೋಡಿದರೆ ಬೆಂಚಿನ ಮೇಲೆ ಒಂದು ನಲವತ್ತು ಚುಕ್ಕಿಗಳು. ತಲೆ, ಭುಜ, ಮೊಣಕಾಲ ಮೇಲೆ ಏನೋ ಒಂದು ಗಂಟು. ವಿಮಾನ ಹಾರಿದ್ದು ಹೋದ ತಿಂಗಳು, ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿನಲ್ಲಿ ಅಲ್ಲಿ ಕೂರುವವರು ಯಾರು? ಯಾರೋ ಕೆಲಸವಿಲ್ಲದವರಿರಬೇಕು ಅಂದುಕೊಂಡ. ಕೈ ತನ್ನ ಪಾಡಿಗೆ ತಾನು ಚುಕ್ಕಿಗಳ ಸುತ್ತ ಗೆರೆ ಎಳೆದು ಅಳಿಸಿತು. ಇಪ್ಪತ್ತೆರಡು ವರ್ಷದ ಕೊನೆಯ ಕಸ. ಬೆಂಚು ಖಾಲಿಯಾಯಿತು.

ಸಂಜೆ ಇಬ್ಬರೂ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು. "ಆಫೀಸು ಹೇಗಿತ್ತು?"

"ಎಂದಿನ ಹಾಗೇ. ನಿನ್ನ ಶಾಲೆ?"

"ಎಂದಿನ ಹಾಗೇ."

ಅದಕ್ಕಿಂತ ಹೆಚ್ಚು ಮಾತಾಡಲು ಇಬ್ಬರಿಗೂ ಶಕ್ತಿಯಿರಲಿಲ್ಲ.

ಬೆಳಿಗ್ಗೆ ಅವಳು ಎಂದಿನಂತೆ ಎಂಟೂವರೆಗೇ ಹೊರಟಳು. ಅರ್ಧ ಗಂಟೆ ಬಿಟ್ಟು ಇವನು ಹೊರಟ. ಯಾರಾದರೂ ನೋಡಿಯಾರೆಂದು ಸುತ್ತು ಬಳಸಿ ಎರಡು ಬಸ್ಸು ಬದಲಿಸಿದ, ಗುಡ್ಡದ ಬುಡದಲ್ಲಿ ಇಳಿದು ಏದುಸಿರು ಬಿಡುತ್ತಾ ಪಂಪ್‌ಹೌಸಿನ ಹಿಂದಕ್ಕೆ ನಡೆದ.

ಬೆಂಚು ಖಾಲಿಯಿರಲಿಲ್ಲ.

ಎಡಗೆನ್ನೆಗೆ ಎಳೆಬಿಸಿಲು ಬಿದ್ದಿತ್ತು. ಮೊಣಕಾಲ ಮೇಲೆ ಊಟದ ಡಬ್ಬಿಯ ಚೀಲ. ಹೆಜ್ಜೆ ಸದ್ದಿಗೆ ತಿರುಗಿದ ಅವನ ಹೆಂಡತಿಯ ಮುಖ ಬಿಳಿಚಿಕೊಂಡಿತು.

"ಯಾರು ಹೇಳಿದ್ರು ನಿಮಗೆ? ಶಾಲೆಯಿಂದ ನನ್ನನ್ನ ತೆಗೆದು ಎರಡು ತಿಂಗಳಾಯ್ತು ರೀ. ನೀವೇ ಅಷ್ಟು ಸುಸ್ತಾಗಿ ಬರ್ತೀರಿ, ಹೇಳೋಕೆ ಬಾಯೇ ಬರಲಿಲ್ಲ. ಊರೆಲ್ಲ ಅಲೆದೆ. ಇಲ್ಲಿಂದ ನಿಮ್ಮ ಆಫೀಸು ಕಾಣಲ್ಲ ಅಂತ..."

ಆಗ ಅವನ ಕೈಯಲ್ಲಿದ್ದ ಡಬ್ಬಿ ಅವಳ ಕಣ್ಣಿಗೆ ಬಿತ್ತು.

ನಿನ್ನೆ ತನ್ನ ಕೈಯಾರೆ ಅಳಿಸಿಹಾಕಿದ್ದ ಆ ನಲವತ್ತು ಚುಕ್ಕಿಗಳ ಪಕ್ಕ ಹೋಗಿ ಅವನು ಕೂತ.