ಫೋನಿನ ಆ ಕಡೆ

“ಆ ಹೊತ್ತಿಗೆ ಫೋನಿನಲ್ಲಿ ಯಾರ ಹತ್ತಿರ ಮಾತಾಡ್ತಾ ಇದ್ದಿರಿ?”

ವಿಮಾ ಕಂಪನಿಯ ವಕೀಲರು ಮತ್ತೆ ಅದನ್ನೇ ಕೇಳಿದರು. ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ಅಝೀಮ್ ತಲೆ ತಗ್ಗಿಸಿದ. ಫೋನು ಕಿವಿಯಲ್ಲಿತ್ತು, ರಸ್ತೆ ನೋಡಲಿಲ್ಲ, ತಪ್ಪು ಪೂರ್ತಿ ನನ್ನದು ಎಂದ. ಹೆಸರು ಮಾತ್ರ ಹೇಳಲಿಲ್ಲ. ಬಂಟ್ವಾಳದ ಆ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಅವನ ಹೆಂಡತಿ ರಶೀನಾ ಬುರ್ಖಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕುಳಿತಿದ್ದಳು.

ನಡೆದದ್ದು ಇಷ್ಟು. ಮಳೆಗಾಲ ಮುಗಿದಿದ್ದ ಒಂದು ಬೆಳಿಗ್ಗೆ ಮೆಲ್ಕಾರಿನಲ್ಲಿ ಅಝೀಮ್ ಒಳರಸ್ತೆಯಿಂದ ಹೆದ್ದಾರಿಗೆ ಕಾರು ತಿರುಗಿಸಿದ. ಅತ್ತಿತ್ತ ನೋಡಲಿಲ್ಲ. ನೇರ ಬರುತ್ತಿದ್ದ ಸ್ಕೂಟರಿಗೆ ಕಾರು ಬಡಿಯಿತು. ಮೀನು ಮಾರುವ ಸುಲೈಮಾನ್ ಕಾಕ ಅಲ್ಲೇ ತೀರಿಕೊಂಡರು. ಐಸು, ಮೀನು, ಒಂದು ಚಪ್ಪಲಿ, ಪುಡಿಯಾದ ಮೊಬೈಲು ಎಲ್ಲ ಡಾಮರಿನ ಮೇಲೆ ಹರಡಿದ್ದವು. ಅಝೀಮನೇ ಮಂಡಿಯೂರಿ ಒಂದೊಂದನ್ನೂ ಹೆಕ್ಕಿ ಕಾಕನ ಪೆಟ್ಟಿಗೆಗೆ ತುಂಬಿದ್ದ.

ತಪ್ಪೊಪ್ಪಿಕೊಂಡು ಜೈಲಿಗೆ ಹೋಗಿಬಂದದ್ದೂ ಆಯಿತು. ಈಗ ನಡೆಯುತ್ತಿದ್ದದ್ದು ಪರಿಹಾರದ ಕೇಸು. ಸತ್ತವರ ತಪ್ಪೂ ಸ್ವಲ್ಪ ಇತ್ತೆಂದು ತೋರಿಸಿದರೆ ಪರಿಹಾರದಲ್ಲಿ ಅಷ್ಟು ಕಡಿತವಾಗುತ್ತದೆ; ಆ ಹಣ ಕೊಡಬೇಕಾದ ವಿಮೆಯವರು ಹುಡುಕುತ್ತಿದ್ದದ್ದು ಅದನ್ನೇ. ಆದರೆ ಎದುರಿನ ಹೋಟೆಲಿನ ಧರ್ಣಪ್ಪ ಕಂಡದ್ದನ್ನು ಕಂಡ ಹಾಗೆ ಹೇಳಿದ್ದ. ಕಾಕ ಹೆಲ್ಮೆಟ್ ಹಾಕಿದ್ದರು, ತಮ್ಮ ಬದಿಯಲ್ಲೇ ಬರುತ್ತಿದ್ದರು. ಕಾರಿನವ ಫೋನಿನಲ್ಲಿ ನಗುತ್ತಿದ್ದ.

ಆ ನಗು ಊರಿಗೆ ಸಾಕಾಯಿತು. ಅಝೀಮ್ ಕುವೈತಿನಲ್ಲಿದ್ದು ಬಂದವ. ಅವನ ಕರೆಗಳೆಲ್ಲ ವಾಟ್ಸ್ಯಾಪಿನಲ್ಲೇ. ಫೋನ್ ಕಂಪನಿಯ ದಾಖಲೆಯಲ್ಲಿ ಯಾವ ನಂಬರೂ ಸಿಕ್ಕಿರಲಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದರು ಜನ. ಆ ಬೆಂಕಿಗೆ ಒಂದು ಹೆಣ್ಣಿನ ರೂಪವನ್ನೂ ಕೊಟ್ಟರು. ಊರ ಬಾಯಿಗೆ ಬೀಗ ಹಾಕುವವರು ಯಾರು?

ರಶೀನಾಳಿಗೆ ಊರಿನವರು ಹೇಳಬೇಕಾಗಿರಲಿಲ್ಲ. ಅವಳು ಕಣ್ಣಾರೆ ಕಂಡಿದ್ದಳು. ಅಂದು ಆಸ್ಪತ್ರೆಯ ವರಾಂಡದಲ್ಲಿ ಕಾಕನ ಹೆಂಡತಿ ರುಕಿಯಾ ಇಬ್ಬರು ಹೆಣ್ಣುಮಕ್ಕಳನ್ನು ತಬ್ಬಿಕೊಂಡು ಅಳುತ್ತಿದ್ದಳು. ಪರಿಹಾರ ಸಿಗುತ್ತದೆ, ಮಕ್ಕಳ ದಾರಿ ಆಗುತ್ತದೆ ಎಂದು ಯಾರೋ ತಿಳಿದವರು ಸಮಾಧಾನ ಹೇಳುತ್ತಿದ್ದರು. ಅದೇ ಹೊತ್ತಿಗೆ ಅಝೀಮ್ ಗೋಡೆಗೆ ಮುಖ ಮಾಡಿ ಫೋನಿನಿಂದ ಏನನ್ನೋ ಅಳಿಸುತ್ತಿದ್ದ. ಒಂದು ಹೆಣ ಒಳಗೆ ಮಲಗಿರುವಾಗ ಗಂಡನಿಗೆ ತನ್ನ ಗುಟ್ಟಿನ ಚಿಂತೆ! ಅವಳಿಗೆ ಹೇಸಿಗೆಯಾಯಿತು.

“ಅಣ್ಣ ಊಟಕ್ಕೆ ಬರ್ತಾನೆಂದು ನಿಮ್ಮನ್ನು ಮೀನಿಗೆ ಕಳಿಸಿದವಳು ನಾನು,” ಎಂದಿದ್ದಳು. “ನೀವು ದಾರಿಯಲ್ಲಿ ಯಾರ ಹತ್ತಿರವೋ ನಗಾಡ್ತಾ ಒಂದು ಜೀವ ತೆಗೆದಿರಿ.”

ಅವನು ಇಲ್ಲ ಎನ್ನಲಿಲ್ಲ. ಅವಳು ಮಿಜಾರಿನ ತವರಿಗೆ ಹೋದಳು. ಅವನು ಜೈಲಿನಿಂದ ಬಂದಾಗಲೂ ಮನೆಯ ಬಾಗಿಲು ತೆರೆಯುವವರಿರಲಿಲ್ಲ. ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಮಸೀದಿಯಲ್ಲಿ ಸಾಲಿನಲ್ಲಿ ಪಕ್ಕಕ್ಕೆ ನಿಂತವರು ನಮಾಜು ಮುಗಿದ ಮೇಲೆ ಮುಖ ತಿರುಗಿಸುತ್ತಿದ್ದರು. ಇಡೀ ದಿನ ಒಂದು ಮಾತೂ ಆಡದೆ ಮಲಗುವುದು ಅವನಿಗೆ ಅಭ್ಯಾಸವಾಯಿತು. ಅಭ್ಯಾಸವಾಯಿತೆಂದರೆ ನೋವು ಹೋಯಿತೆಂದಲ್ಲ.

ಅಂದು ಸಾಕ್ಷಿ ಮುಗಿದ ಮೇಲೆ ರಶೀನಾ ಕೋರ್ಟಿನ ಜಗಲಿಯಲ್ಲಿ ಅವನನ್ನು ತಡೆದು ನಿಲ್ಲಿಸಿದಳು. ಅವಳ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ಅವಳೂ ಸೋತಿದ್ದಳು.

“ಹೆಸರು ಹೇಳಿ. ಯಾರಾದ್ರೂ ಆಗ್ಲಿ, ಇವತ್ತೇ ಮನೆಗೆ ಬರ್ತೇನೆ. ಆದ್ರೆ ಗುಟ್ಟಾಗಿ ಬೇಡ. ನನ್ನ ಮರ್ಯಾದೆ ಹೋದದ್ದು ಎಲ್ಲರ ಎದುರು. ಒಳಗೆ ಹೋಗಿ ಎಲ್ಲರ ಎದುರೇ ಹೇಳಿ.”

ಅವಳು ಮನೆಗೆ ಬರುವುದು, ದೀಪ ಹಾಕುವುದು, ಅಡುಗೆಮನೆಯಿಂದ ಅವಳ ಬಳೆಯ ಸದ್ದು ಕೇಳುವುದು — ಅಝೀಮನಿಗೆ ಬೇಕಾದದ್ದು ಅಷ್ಟೇ. ಜಗಲಿಯ ತುದಿಯಲ್ಲಿ ರುಕಿಯಾ ಚಿಕ್ಕ ಮಗಳ ಶಾಲಾ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅವನು ಆ ಕಡೆ ಒಮ್ಮೆ ನೋಡಿದ.

“ಹೇಳ್ಲಿಕ್ಕೆ ಆಗುದಿಲ್ಲ ರಶೀನಾ.”

“ಅಷ್ಟು ದೊಡ್ಡ ಜನವಾ?”

“ಹೌದು. ಆ ಋಣ ತೀರುವಂಥದ್ದಲ್ಲ.”

ಅವಳು ತವರಿನ ದಾರಿಯ ಮೂಡುಬಿದಿರೆ ಬಸ್ಸು ಹತ್ತಿದಳು, ಕಿಟಕಿಯ ಕಡೆ ಮುಖ ಮಾಡಲಿಲ್ಲ.

ತೀರ್ಪು ಬಂತು. ಸತ್ತವರ ತಪ್ಪು ಏನೂ ಇಲ್ಲ, ಹೊಣೆ ಪೂರ್ತಿ ಕಾರಿನವನದು, ಪರಿಹಾರ ಕಡಿತವಿಲ್ಲದೆ ಕೊಡತಕ್ಕದ್ದು. ರುಕಿಯಾ ನ್ಯಾಯಾಧೀಶರಿಗೆ ಕೈಮುಗಿದಳು. ಅಝೀಮನ ಎದುರು ಹಾದುಹೋಗುವಾಗ ಸೆರಗು ಎಳೆದುಕೊಂಡು ಮುಖ ಮುಚ್ಚಿಕೊಂಡಳು. ಅದೂ ಸರಿಯೇ ಎಂದು ಅವನು ಬದಿಗೆ ಸರಿದು ದಾರಿ ಬಿಟ್ಟ.

ಮನೆಗೆ ಬಂದು ಅನ್ನಕ್ಕೆ ಉಪ್ಪಿನಕಾಯಿ ಹಾಕಿಕೊಂಡ. ಮೀನು ತಿನ್ನುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಹೊರಗೆ ಯಾರೋ ಹೊಸ ಮೀನಿನವನ ಹಾರ್ನು ಕೇಳಿಸಿತು; ಎದ್ದು ಕಿಟಕಿ ಮುಚ್ಚಿದ. ಒಲೆಯ ಬದಿಯ ಗೋಡೆಯಲ್ಲಿ ರಶೀನಾ ಪೆನ್ಸಿಲಿನಲ್ಲಿ ಬರೆದಿಟ್ಟ ನಂಬರು ಇನ್ನೂ ಇತ್ತು. ಊರಿನ ಎಲ್ಲ ಅಡುಗೆಮನೆಗಳಲ್ಲೂ ಇದ್ದ ನಂಬರು ಅದು. ಯಾರು ಕರೆದರೂ ಸ್ಕೂಟರು ನಿಲ್ಲಿಸದೆ, ಹೆಲ್ಮೆಟಿನೊಳಗೆ ಸಿಕ್ಕಿಸಿಕೊಂಡ ಫೋನಿನಲ್ಲೇ ಉತ್ತರ ಬರುತ್ತಿತ್ತು.

“ಭಾವ ಬರುವುದಾದ್ರೆ ಬಂಗುಡೆ ಸಾಲದು ಮಾರಾಯ, ಅಂಜಲ್ ಮೀನೇ ತೆಗೆದಿಟ್ಟಿದ್ದೇನೆ, ಇಗೋ ಮೆಲ್ಕಾರಿಗೆ ಮುಟ್ಟಿದೆ,” ಎಂದು ಅಂದು ಆ ಕಡೆಯಿಂದ ಸುಲೈಮಾನ್ ಕಾಕ ನಗುತ್ತಾ ಹೇಳಿದ್ದರು.