ಪುಟ್ಟಸ್ವಾಮಿ ಎಡಕ್ಕೆ ಎಳೆದದ್ದು

“ಅಲ್ಲ ಕಣಯ್ಯ, ಸೋಮವಾರ ಕಲ್ಯದೋರ್ಗೆ ಉತ್ತರ ಹೇಳ್ಬೇಕು. ನೀನು ನೋಡುದ್ರೆ ವಿಮಾನದಿಂದ ಬೀಳಕ್ಕೆ ಹೊಂಟಿದ್ದೀಯ. ಏನ್ ಬಂದದೆ ನಿಂಗೆ ದೊಡ್ರೋಗ?”

ಹೆಂಡತಿ ಕೆಂಚಮ್ಮ ಬಾಗಿಲಿಗೆ ಅಡ್ಡ ನಿಂತು ಕೂಗಿದ್ದು ದೊಡ್ಡಮಳೂರಿನ ಅರ್ಧ ಬೀದಿಗೆ ಕೇಳಿಸಿತು. ಪುಟ್ಟಸ್ವಾಮಿ ತಲೆ ತಗ್ಗಿಸಿಕೊಂಡೇ ಶೂ ದಾರ ಕಟ್ಟಿದ. ವಯಸ್ಸು ಐವತ್ನಾಲ್ಕು. ಧೈರ್ಯಕ್ಕೆ ಹೆಸರಾದವನೇನಲ್ಲ. ಅಟ್ಟದ ಏಣಿಯ ಮೂರನೇ ಮೆಟ್ಟಿಲಿಗೇ ತಲೆ ತಿರುಗುವ ಆಸಾಮಿ. ಅಂಥವನು ಮಾಗಡಿ ಕಡೆ ಹೊಸದಾಗಿ ಶುರುವಾದ ಸ್ಕೈಡೈವಿಂಗ್ ಶಿಬಿರಕ್ಕೆ ಹೆಸರು ಬರೆಸಿದ್ದ. ಯಾಕೆಂದು ಕೇಳಿದರೆ “ಆಸೆ” ಎನ್ನುತ್ತಿದ್ದ, ಅಷ್ಟೆ.

ಮನೆಯಲ್ಲಿ ಸಣ್ಣ ಮಗಳು ಭಾನುಪ್ರಿಯಳ ಮದುವೆಯ ಮಾತು ನಡೆದಿತ್ತು. ಮಾಗಡಿ ಹತ್ತಿರದ ಕಲ್ಯದ ಹುಡುಗ ದೀಪು. ಹಿಪ್ಪುನೇರಳೆ ತೋಟ, ಹೆಂಚಿನ ಮನೆ, ಕೊಟ್ಟಿಗೆ ತುಂಬ ಹಸು. ಮಗಳಿಗೆ ಒಪ್ಪಿಗೆ, ಕೆಂಚಮ್ಮನಿಗೂ ಒಪ್ಪಿಗೆ. ಅಪ್ಪ ಮಾತ್ರ ಹೂಂ ಅಂದಿರಲಿಲ್ಲ. ದೊಡ್ಡ ಮಗಳನ್ನು ಕನಕಪುರದ ಕಡೆ ಕೊಡುವಾಗ ಹೀಗೇ ನೋಡಿಕೊಂಡು ಬಂದಿದ್ದರು. ಅಂದು ಕಂಡ ಹಸುಗಳು ಸಂಜೆಯೇ ಪಕ್ಕದ ಮನೆಗೆ ವಾಪಸಾಗಿದ್ದವು. ಕಾಫಿಯನ್ನೂ ಮುಟ್ಟುವುದಿಲ್ಲವೆಂದ ಅಳಿಯ ಆರು ತಿಂಗಳಲ್ಲೇ ಬಾಟಲಿ ಸಮೇತ ಸಿಕ್ಕಿಬಿದ್ದಿದ್ದ. ಆ ಮಗಳು ಪ್ರತಿ ಹಬ್ಬಕ್ಕೂ ಅತ್ತುಕೊಂಡೇ ತವರಿಗೆ ಬರುತ್ತಿದ್ದಳು.

“ಕಲ್ಯದೋರು ಹಂಗಲ್ಲ,” ಎಂದಳು ಕೆಂಚಮ್ಮ. “ಹೋದ್ ತಿಂಗ್ಳು ಈ ಕಡೆ ಬಂದಿದ್ದೆ ಅಂತ ಹೇಳ್ದೆ ಕೇಳ್ದೆ ಎರಡು ಸಲ ಹೋಗಿದ್ಯಲ್ಲ, ಎರಡು ಸಲಾನೂ ಪಾಯ್ಸದೂಟ ಹಾಕ್ಲಿಲ್ವಾ?”

“ಹಾಕುದ್ರು,” ಎಂದು ಪುಟ್ಟಸ್ವಾಮಿ ನಿಟ್ಟುಸಿರು ಬಿಟ್ಟು ಸ್ಕೂಟರ್ ಹತ್ತಿದ.

ಶಿಬಿರದ ತರಬೇತುದಾರ ಶಾಹಬಾಜ್ ರಾಮನಗರದ ರೇಷ್ಮೆ ವ್ಯಾಪಾರಿಗಳ ಮನೆಯವನು. ಎರಡು ದಿನ ಬೆಂಚಿನ ಮೇಲಿಂದ ಕುಪ್ಪಳಿಸಿ, ಕಾಲು ಜೋಡಿಸಿ ಉರುಳುವುದನ್ನೇ ಮಾಡಿಸಿದ. ಪುಟ್ಟಸ್ವಾಮಿಯ ಮಂಡಿ ಸುಲಿಯಿತು, ಸೊಂಟ ಹಿಡಿದುಕೊಂಡಿತು. ಜೊತೆಯ ಕಾಲೇಜು ಹುಡುಗರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರೆ ಅವನು ಒಂದೇ ಸಮನೆ ಪ್ರಶ್ನೆ ಕೇಳಿದ.

“ಎಡಗಡೆ ಹಗ್ಗ ಎಳುದ್ರೆ ಎಡಕ್ಕೇ ಹೋಯ್ತದಾ ಸಾರ್?”

“ಹೌದು ಅಂಕಲ್. ಪ್ಯಾರಾಚೂಟ್ ತಾನೇ ಬಿಚ್ಕೊಳ್ತದೆ. ಆಮೇಲೆ ನಾನು ಕೆಳಗಿಂದ ರೇಡಿಯೋದಲ್ಲಿ ಹೇಳ್ದಂಗೆ ಎಳೀರಿ, ಸಾಕು.”

“ಎಷ್ಟು ದೂರ ಹೋಗ್ಬೋದು?”

“ಗಾಳಿ ಇದ್ರೆ ಒಂದೆರಡು ಕಿಲೋಮೀಟರ್. ಯಾಕೆ ಅಂಕಲ್, ನೆಂಟರ ಮನೆಗೆ ಹೋಗ್ಬೇಕಾ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಪುಟ್ಟಸ್ವಾಮಿ ನಗಲಿಲ್ಲ.

ಭಾನುವಾರ ಬೆಳಿಗ್ಗೆ, ನಾಲ್ಕು ಸಾವಿರ ಅಡಿ ಮೇಲೆ, ವಿಮಾನದ ಬಾಗಿಲು ತೆರೆಯಿತು. ಗಾಳಿ ಮುಖಕ್ಕೆ ರಪ್ಪನೆ ಹೊಡೆಯಿತು. ಪುಟ್ಟಸ್ವಾಮಿ ಊರ ದೇವರು ಅಪ್ರಮೇಯಸ್ವಾಮಿಗೆ ಹರಕೆ ಹೊತ್ತ. ಅದೂ ಸಾಲದೆನಿಸಿ “ನನ್ನ ವಾಪಸ್ ಇಳಿಸ್ಬುಡಿ” ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ದೊಡ್ಡ ಮಗಳ ಅಳುಮುಖ ಕಣ್ಣಿಗೆ ಕಟ್ಟಿತು. ತೆರೆದ ಬಾಯಿ ಮುಚ್ಚಿ, ಕಣ್ಣೂ ಮುಚ್ಚಿ, ಕಾಲು ಹೊರಗಿಟ್ಟೇಬಿಟ್ಟ.

“ಅವ್ವೋ!” ಎಂದು ಯಾರೋ ಕಿರುಚಿದರು, ಅದು ತಾನೇ ಎಂದು ತಿಳಿಯಲು ಒಂದು ಕ್ಷಣ ಹಿಡಿಯಿತು. ಹೆಗಲನ್ನು ಯಾರೋ ಜಗ್ಗಿದಂತಾಗಿ ಬೀಳುವುದು ನಿಂತಿತು. ನೆತ್ತಿಯ ಮೇಲೆ ಪ್ಯಾರಾಚೂಟ್ ಬಿಚ್ಚಿಕೊಂಡಿತ್ತು. ಕಾಲಡಿಯಲ್ಲಿ ಕೆರೆ, ತೆಂಗು, ಬಾಚಿದ ತಲೆಯಂತೆ ಹಿಪ್ಪುನೇರಳೆ ಸಾಲು. ಪುಟ್ಟಸ್ವಾಮಿಗೆ ಖುಷಿಯಾಗಿ ಅಳುವೇ ಬಂತು. ಇಷ್ಟು ವರ್ಷ ಏಣಿಗೆ ಹೆದರಿದ್ದಕ್ಕೆ ನಾಚಿಕೆಯೂ ಆಯಿತು.

“ಅಂಕಲ್, ಬಲಕ್ಕೆ ಎಳೀರಿ,” ಎಂದಿತು ಕಿವಿಯಲ್ಲಿದ್ದ ರೇಡಿಯೋ.

ಪುಟ್ಟಸ್ವಾಮಿ ಎಡಕ್ಕೆ ಎಳೆದ.

“ಬಲಕ್ಕೆ ಅಂಕಲ್! ಊಟ ಮಾಡೋ ಕೈ!”

ಇನ್ನೂ ಎಡಕ್ಕೆ ಎಳೆದ.

“ಯಾ ಅಲ್ಲಾ, ಈ ಮನುಷ್ಯ ಯಾವ ಕೈಲಿ ಊಟ ಮಾಡ್ತಾನೋ!”

ಕೆರೆ ದಾಟಿತು, ತೋಪು ದಾಟಿತು. ಪುಟ್ಟಸ್ವಾಮಿ ಕಾಲು ಜೋಡಿಸಿ ಒಂದು ಹೆಂಚಿನ ಮನೆಯ ಹಿತ್ತಿಲಲ್ಲಿ ದೊಪ್ಪೆಂದು ಬಿದ್ದು, ಒಣಹಾಕಿದ್ದ ಮೆಣಸಿನಕಾಯಿಯ ಮೇಲೆಲ್ಲ ಉರುಳಿದ. ಸೊಪ್ಪು ಬಿಡಿಸುತ್ತಿದ್ದ ಹೆಂಗಸು ಚೀರಿಕೊಂಡು ಎದ್ದಳು. ಒಗೆಯುವ ಕಲ್ಲಿನ ಹತ್ತಿರ ಕೂತು ಮುದ್ದೆ ಪಾತ್ರೆ ತಿಕ್ಕುತ್ತಿದ್ದ ತರುಣನೊಬ್ಬ ಬೂದಿ ಕೈಯಲ್ಲೇ ಓಡಿಬಂದು ಹಗ್ಗ ಬಿಡಿಸಿದ.

“ಎಲ್ಲಾದ್ರೂ ಪೆಟ್ಟಾಯ್ತಾ ಯಜಮಾನ್ರೇ?”

“ನನ್ ಮೆಣಸಿನ್ಕಾಯೆಲ್ಲ ಮಣ್ಣುಪಾಲಾಯ್ತಲ್ಲೋ!” ಎಂದಳು ಹೆಂಗಸು.

“ಹೋಗ್ಲಿ ಬುಡವ್ವ, ಜೀವ ಉಳೀತಲ್ಲ,” ಎಂದು ತರುಣ ಚೊಂಬಿನಲ್ಲಿ ನೀರು ತಂದುಕೊಟ್ಟ.

ಪುಟ್ಟಸ್ವಾಮಿ ತುಟಿ ಬಿಚ್ಚಲಿಲ್ಲ. ಹೆಲ್ಮೆಟ್ ತೆಗೆಯಲಿಲ್ಲ, ಕಣ್ಣಿನ ದಪ್ಪ ಕನ್ನಡಕವನ್ನೂ ತೆಗೆಯಲಿಲ್ಲ. ನೀರು ಕುಡಿದು, ತರುಣನ ಮುಖದ ಹತ್ತಿರ ಮೂಗು ತಂದು ಉದ್ದಕ್ಕೆ ಉಸಿರೆಳೆದ. ಕೊಟ್ಟಿಗೆಗೆ ಇಣುಕಿದ. ಅಡುಗೆಮನೆಯತ್ತ ಕತ್ತು ಚಾಚಿದ. “ಪಾಪ, ತಲೆಗೆ ಪೆಟ್ಟಾಗದೆ ಕಣವ್ವ, ಒಸಿ ಹೊತ್ತು ಸುಮ್ನಿರು,” ಎಂದು ತರುಣ ತಾಯಿಗೆ ಹೇಳಿ ಮತ್ತೆ ಪಾತ್ರೆಯ ಮುಂದೆ ಕೂತ.

ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಪುಟ್ಟಸ್ವಾಮಿ ಕುಂಟುತ್ತ ಹುಲ್ಲಿನ ಮೆದೆಯ ಹಿಂದಕ್ಕೆ ಹೋದ.

“ಬದುಕಿದ್ದೀಯಾ? ಕೈಕಾಲು ನೆಟ್ಟಗವಾ?” ಕೆಂಚಮ್ಮ ಅಳುತ್ತಿದ್ದಳು. “ಎಲ್ಲಿದ್ದೀಯಯ್ಯ?”

“ಬೀಗರ ಹಿತ್ಲಲ್ಲಿ ಕಣೆ,” ಎಂದು ಪಿಸುಗುಟ್ಟಿದ ಪುಟ್ಟಸ್ವಾಮಿ. “ರಸ್ತೇಲಿ ಬಂದ್ರೆ ಊರೋರು ಬಸ್ ಸ್ಟ್ಯಾಂಡಿಂದ್ಲೇ ಇವರ್ಗೆ ಫೋನ್ ಹಾಕ್ಬುಡ್ತಾರೆ. ನಿನ್ನಳಿಯ ದಿಟ್ವಾಗಿ ಹೆಂಗವ್ನೆ ಅಂತ ಇವತ್ತು ಕಣ್ಣಾರೆ ನೋಡ್ಕಂಡೆ. ಹೂಂ ಅಂದ್ಬುಡು!”